ಎಮ್ಮೆಯೂ ಒಲ್ಲೆನೆಂದ ಕಾಫಿ

ನಮ್ಮ ಮಾವ ನನ್ನ ಕಾಫಿಯನ್ನು ಎಮ್ಮೆಗೆ ಹಾಕಿದ್ದು, ನಾನು ಶೇಡಬಾಳದ ಈ ಮನೆಗೆ ಸೊಸೆಯಾಗಿ ಬಂದ ಎರಡನೆಯ ತಿಂಗಳಲ್ಲಿ. ಕರೋಶಿಯಿಂದ ಅವರ ತಂಗಿ, ಆಕೆಯ ಗಂಡ, ಗಂಡನ ಅಣ್ಣತಮ್ಮಂದಿರು ಬಂದಿದ್ದರು. ಈ ಕಡೆ ಎಲ್ಲರ ಮನೆಯಲ್ಲೂ ಚಹಾ. ನಾನು ನಿಪ್ಪಾಣಿಯವಳು, ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ಕಾಫಿಯ ರುಚಿ ಹತ್ತಿತ್ತು. ತವರಿನಿಂದ ಸ್ಟೀಲಿನ ಫಿಲ್ಟರನ್ನೂ ತಂದಿದ್ದೆ. ಹೊಸ ಸೊಸೆಯ ಕೈರುಚಿ ಎಲ್ಲರೂ ನೋಡಲಿ ಎಂದು ಅಂದಾಜಿನ ಮೇಲೆ ಪುಡಿ ಹಾಕಿ, ಅಂದಾಜಿನ ಮೇಲೆ ನೀರು ಸುರಿದು, ಎಂಟು ಕಪ್ಪು ಮಾಡಿ ಪಡಸಾಲೆಗೆ ಒಯ್ದೆ.

ಮಾವ ಒಂದು ಗುಟುಕು ಕುಡಿದು ಮುಖ ಹಿಂಡಿದರು. ಎದ್ದು ಹಿತ್ತಲಿಗೆ ಹೋಗಿ, ಉಳಿದದ್ದನ್ನು ಎಮ್ಮೆಯ ಮುಸುರೆ ಬಕೆಟ್ಟಿಗೆ ಸುರಿದರು.

"ಎಮ್ಮಿ ಆದ್ರೂ ಕುಡಿತೈತೇನ ನೋಡೂನು."

ಆ ಹಾಳು ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ತೆರೆದ ಹಿತ್ತಲ ಬಾಗಿಲಿನಿಂದ ನೋಡುತ್ತಿದ್ದ ಪಡಸಾಲೆಯ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಖಾಲಿ ಟ್ರೇ ಹಿಡಿದು ಅಲ್ಲೇ ನಿಂತಿದ್ದೆ. ಕಣ್ಣಲ್ಲಿ ನೀರು ಬರಲಿಲ್ಲ, ಮೈಯೆಲ್ಲ ಉರಿಯಿತು.

ಅಲ್ಲಿಗೆ ಮುಗಿದಿದ್ದರೆ ನಾನೂ ಮರೆಯುತ್ತಿದ್ದೆನೇನೋ. ಏಳು ವರ್ಷ ಅದೇ ಮಾತು. ನಾದಿನಿಯ ಮದುವೆಯಲ್ಲಿ, ನನ್ನ ಮಗನ ಜವಳದಲ್ಲಿ, ನಾಲ್ಕು ಜನ ಕೂತರೆ ಸಾಕು, ಮಾವ ಎಮ್ಮಿ ಕಾಫಿಯ ಕಥೆ ತೆಗೆಯುತ್ತಿದ್ದರು. ಒಮ್ಮೊಮ್ಮೆ ಎಮ್ಮೆ ಮುಖ ತಿರುಗಿಸಿದ್ದನ್ನು ತಾವೇ ಮಾಡಿ ತೋರಿಸುತ್ತಿದ್ದರು. ನಾನು ಒಳಗೊಳಗೇ ಒಂದು ಪಣ ತೊಟ್ಟೆ: ಇದೇ ಮನುಷ್ಯ, ಇದೇ ಕರೋಶಿ ಜನರ ಮುಂದೆ, ಬಾಯಿಬಿಟ್ಟು ನನ್ನ ಕಾಫಿ ಕೇಳಬೇಕು. ಅಲ್ಲಿಯತನಕ ಈ ಸಿಟ್ಟನ್ನು ಆರಲು ಬಿಡುವುದಿಲ್ಲ.

ನಮ್ಮದು ದ್ರಾಕ್ಷಿ ತೋಟ. ಕಾಳು ಉದ್ದ ಬರಲೆಂದು ಗೊಂಚಲಿಗೆ ಹೊಡೆಯುವ ಔಷಧದ ಪುಡಿಯನ್ನು ಮಾವ ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗುತ್ತಾರೆ. ಒಂದು ಗ್ರಾಂ ಆಚೀಚೆ ಆದರೂ ಸುರಿದು ಮತ್ತೆ ತೂಗುತ್ತಾರೆ. ಅಂಥದೇ ಹೊಸ ತಕ್ಕಡಿಯನ್ನು ನನ್ನ ಗಂಡನ ಕೈಯಲ್ಲಿ ಅಥಣಿಯಿಂದ ತರಿಸಿ ಅಡುಗೆಮನೆಯಲ್ಲಿಟ್ಟೆ. ಹತ್ತು ಗ್ರಾಂ ಪುಡಿ, ಐವತ್ತು ಗ್ರಾಂ ನೀರು. ಮರುದಿನ ಅರವತ್ತು. ಆಮೇಲೆ ಎಪ್ಪತ್ತು. ಕಪಾಟಿನ ಬಾಗಿಲ ಒಳಗೆ ಪೆನ್ಸಿಲ್‌ನಿಂದ ಬರೆದಿಟ್ಟೆ. ಸೊಸೆ ನೀರನ್ನೂ ತೂಗುತ್ತಾಳಂತೆ ಎಂದು ಅದಕ್ಕೂ ನಕ್ಕರು. ನಗಲಿ ಎಂದು ಬಿಟ್ಟೆ. ಆದರೆ ಎಷ್ಟು ತೂಗಿದರೂ ಕಾಫಿ ಮಾತ್ರ ಸಪ್ಪೆ ಸಪ್ಪೆ, ನಾಲಿಗೆಗೆ ಸುಣ್ಣ ಸವರಿದಂತೆ.

ಒಂದು ದಿನ ತೋಟಕ್ಕೆ ಬುತ್ತಿ ಒಯ್ದಾಗ ಮಾವ ಔಷಧ ಕಲಸುತ್ತಿದ್ದರು. ಆಳುಮನುಷ್ಯ ಡ್ರಮ್ಮಿಗೆ ಬೋರಿನ ನೀರು ಬಿಟ್ಟಿದ್ದಕ್ಕೆ ಅವನನ್ನು ಬೈದು, ಎಲ್ಲ ಚೆಲ್ಲಿಸಿ, ನದಿಯ ಪೈಪಿನ ನೀರು ಹಿಡಿಸಿದರು. ಬೋರಿನದು ಸವಳು ನೀರು, ಸುಣ್ಣದ ಅಂಶ ಹೆಚ್ಚು, ಪುಡಿ ಎಷ್ಟು ತೂಗಿ ಹಾಕಿದರೂ ಕೆಲಸ ಮಾಡುವುದಿಲ್ಲ ಎಂದರು. ನಾನು ಬುತ್ತಿ ಹಿಡಿದು ನಿಂತೇ ಇದ್ದೆ. ಅಡುಗೆಮನೆಯ ನಲ್ಲಿಯಲ್ಲಿ ಬರುವುದೂ ಅದೇ ಬೋರಿನ ನೀರು! ಚಹಾದಲ್ಲಾದರೆ ಅದರ ರುಚಿ ಶುಂಠಿ, ಸಕ್ಕರೆಯಲ್ಲಿ ಮುಚ್ಚಿಹೋಗುತ್ತದೆ. ನನ್ನ ಮುಖ ನೋಡಿ ಮಾವನಿಗೆ ನಗು ಬಂತು.

"ನಿನ್ನ ಎಮ್ಮಿ ಕಾಫಿದೂ ಇದ ಕಥಿ. ಅವತ್ತ ಬಾಯಾಗ ಹಾಕ್ಕೊಂಡಾಗನ ನನಗ ಗೊತ್ತಾಗಿತ್ತ."

ಗೊತ್ತಿತ್ತಂತೆ. ಏಳು ವರ್ಷ ಗೊತ್ತಿದ್ದೂ ಊರಿಗೆಲ್ಲ ನನ್ನನ್ನು ನಗೆಪಾಟಲು ಮಾಡಿದರು. ಆಳಿಗೆ ಹೇಳಿದ ಮಾತನ್ನು ಸೊಸೆಗೆ ಒಂದು ದಿನ ಹೇಳಲಾಗಲಿಲ್ಲ. ನಾನು ಬುತ್ತಿ ಇಳಿಸಿ ಮನೆಗೆ ಬಂದೆ. ಅವತ್ತು ಸಂಜೆಯೇ ಕುಡಿಯುವ ನೀರಿನ ಕ್ಯಾನಿನಿಂದ ಅರವತ್ತು ಗ್ರಾಂ ತೂಗಿ ಕಾಯಿಸಿ ಹತ್ತು ಗ್ರಾಂ ಪುಡಿಯ ಮೇಲೆ ಸುರಿದೆ. ಡಿಕಾಕ್ಷನ್ ಹನಿಹನಿಯಾಗಿ ಇಳಿಯುವಾಗಲೇ ಪರಿಮಳ ಪಡಸಾಲೆ ದಾಟಿ ಕಟ್ಟೆಯತನಕ ಹೋಯಿತು.

ನಮ್ಮಲ್ಲಿ ಚಹಾಕ್ಕೆ ಇಡುವಾಗ ಬಂದವರಿಗೆಂದು ಒಂದು ಕಪ್ಪು ಹೆಚ್ಚೇ ಇಡುತ್ತಾರೆ. ನಾನು ಮಾತ್ರ ದಿನಾ ಒಂದೇ ಕಪ್ಪು ಕಾಫಿ ತೂಗಿ ಮಾಡಿ, ಕಟ್ಟೆಯ ಮೇಲೆ ಮಾವನ ಎದುರಿಗೇ ಕೂತು ಕುಡಿದೆ. ಅವರು ತಮಗೂ ಒಂದು ಕಪ್ಪು ಬೇಕೆಂದು ಅತ್ತೆಯ ಕೈಲಿ ಹೇಳಿ ಕಳಿಸಿದರು. ಅಳತೆ ಒಬ್ಬರದೇ ಎಂದೆ. ಎಂಥ ಸುಖ ಅಂತೀರಿ!

ಕಳೆದ ಚಳಿಗಾಲದಲ್ಲಿ ಕರೋಶಿಯವರೆಲ್ಲ ಮತ್ತೆ ಬಂದರು. ಮಾವನ ತಂಗಿ ಕೂತವರೇ ಎಮ್ಮಿ ಕಾಫಿ ಎಲ್ಲಿ ಎಂದು ಕೇಳಿದರು. ಮಾವ ಗಂಟಲು ಸರಿಮಾಡಿಕೊಂಡರು.

"ಈಗ ಭಾಳ ಚಲೋ ಮಾಡ್ತಾಳ. ಯವ್ವಾ, ಎಲ್ಲಾರಿಗೂ ಮಾಡು. ನನಗೂ ಒಂದ ಕಪ್ ಹಾಕು."

ಕೇಳಿಯೇಬಿಟ್ಟರು. ನಾನು ಪಣ ಗೆದ್ದಿದ್ದೆ, ಸಿಟ್ಟು ಇಳಿಯಬೇಕಿತ್ತು. ಆದರೆ ಅವರು ತಾವು ಏನೂ ಮಾಡೇ ಇಲ್ಲ ಎಂಬಂತೆ ಕೇಳಿದ್ದರು. ನೀರಿನ ಮಾತು ತೆಗೆಯಲೇ ಇಲ್ಲ. ಒಳಗೆ ಹೋಗಿ ಎರಡು ಫಿಲ್ಟರ್ ಇಟ್ಟೆ. ಅದೇ ಪುಡಿ, ಅದೇ ತಕ್ಕಡಿ, ಒಂದು ಗ್ರಾಂ ಕೂಡ ತಪ್ಪದ ಅದೇ ಅಳತೆ. ದೊಡ್ಡದರಲ್ಲಿ ಬೀಗರಿಗೆ ಕ್ಯಾನಿನ ನೀರು. ಚಿಕ್ಕದರಲ್ಲಿ ಮಾವನಿಗೆ ನಲ್ಲಿಯದು.

ಕರೋಶಿ ಜನ ಒಂದೊಂದು ಗುಟುಕಿಗೂ ಹೊಗಳಿದರು. ಮಾವನ ತಂಗಿ, ಇಂಥ ಕಾಫಿ ಎಲ್ಲೂ ಕುಡಿದಿಲ್ಲ ಎಂದರು. ಮಾವ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಹಾಗೇ ಹಿಡಿದರು. ನನ್ನನ್ನು ನೋಡಿದರು. ನಾನು ಸೆರಗು ಸರಿಪಡಿಸಿಕೊಂಡು ಎಲ್ಲರಿಗೂ ಕೇಳುವಂತೆ ಕೇಳಿದೆ.

"ಹ್ಯಾಂಗ ಆಗೈತ್ರಿ, ಮಾವಾರ?"

ಅವರು ನುಂಗಿದರು. "ಅಳತಿ ಬರೋಬರ್ ಐತಿ. ನೀರು..." ಎಂದು ನಿಲ್ಲಿಸಿದರು.

"ನೀರು ಏನ್ರಿ?"

ನೀರಿನ ಮಾತು ಹೇಳಿದರೆ ಏಳು ವರ್ಷ ಗೊತ್ತಿದ್ದೂ ಮುಚ್ಚಿಟ್ಟದ್ದನ್ನೂ ಅಲ್ಲೇ ಹೇಳಬೇಕಾಗುತ್ತಿತ್ತು. ಹಿತ್ತಲ ಬಾಗಿಲು ತೆರೆದೇ ಇತ್ತು, ಮುಸುರೆ ಬಕೆಟ್ಟೂ ಅಲ್ಲೇ ಇತ್ತು. ಮಾವ ಅತ್ತ ಒಮ್ಮೆ ನೋಡಿದರು. ಆಮೇಲೆ ತಳದ ಹನಿಯತನಕ ಕುಡಿದು, ಖಾಲಿ ಕಪ್ಪನ್ನು ನನ್ನತ್ತ ಚಾಚಿದರು.

"ಏನಿಲ್ಲ. ಇನ್ನ ಅರ್ಧಾ ಕಪ್ ಹಾಕವಾ."

ನಾನು ಚಿಕ್ಕ ಫಿಲ್ಟರಿನದನ್ನೇ ಹಾಕಿದೆ.