ಎಡದ್ದು ಬಲದ್ದರಷ್ಟೇ ಮೃದು

ಕೈಗವಸಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಜೋಡಿಯಕ್ಕ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿದೆ, ಅಲ್ಲೇ ಇರಲಿ. ಹೊಲಿದು ಬಂದ ತೊಗಲಿನ ಗವಸುಗಳ ರಾಶಿಯಿಂದ ಎಡಗೈಯದೊಂದು, ಬಲಗೈಯದೊಂದು ಆರಿಸಿ ಜೋಡಿ ಕೂಡಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಅದೇನು ಮಹಾ ಎನ್ನುವವರು ಒಂದು ಗಂಟೆ ಬಂದು ಕೂತು ನೋಡಲಿ. ಬಣ್ಣ, ಅಳತೆ ಕಣ್ಣಿಗೆ ಸಿಗುತ್ತವೆ, ಮೃದುತನ ಸಿಗುವುದಿಲ್ಲ. ಬೆರಳುಗಳೋ ದುಡಿದು ದುಡಿದು ಜಡ್ಡುಗಟ್ಟಿರುತ್ತವೆ. ಅದಕ್ಕೇ ಈ ಕೆಲಸದವರು ಕಣ್ಣು ಮುಚ್ಚಿ, ಎಡದ್ದನ್ನು ಎಡಗೆನ್ನೆಗೆ, ಬಲದ್ದನ್ನು ಬಲಗೆನ್ನೆಗೆ ಒಟ್ಟಿಗೇ ಒತ್ತಿ ನೋಡುತ್ತಾರೆ. ಎರಡು ಕೆನ್ನೆಯೂ ಒಂದೇ ಮಾತು ಹೇಳಿದರೆ ಪೆಟ್ಟಿಗೆಗೆ, ಇಲ್ಲವಾದರೆ ಮತ್ತೆ ರಾಶಿಗೆ. ಅವಳು ಕೂಡಿಸಿದ್ದನ್ನು ಇದುವರೆಗೆ ಯಾರೂ ಮರುಪರೀಕ್ಷೆ ಮಾಡಿದವರಿಲ್ಲ. "ಜೋಡಿಯಕ್ಕ ನೋಡಿದ್ದಾಳಾ? ಹಾಗಾದ್ರೆ ಮುಚ್ಚಳ ಹಾಕಿ" ಎನ್ನುತ್ತಿದ್ದ ಕಾರ್ಖಾನೆಯ ಯಜಮಾನ.

ಇಂಥ ಜೋಡಿಯಕ್ಕ ಎರಡು ವಾರದಿಂದ ನಿಂತಲ್ಲಿ ನಿಲ್ಲುತ್ತಿಲ್ಲ, ಕೂತಲ್ಲಿ ಕೂರುತ್ತಿಲ್ಲ. ಕಾರಣ ಒಂದು ಹಲ್ಲು. ಬಲಗಡೆಯ ದವಡೆ ಹಲ್ಲು ಕೀಳಿಸಿಕೊಂಡವಳು ರಜೆ ಹಾಕದೆ ಸೀದಾ ಕೆಲಸಕ್ಕೆ ಬಂದಿದ್ದಳು. ಇಂಜೆಕ್ಷನ್ನಿನ ಜೋರಿಗೆ ಬಲಗೆನ್ನೆ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಆದರೂ ಅರವತ್ತು ಜೋಡಿ ಕೂಡಿಸಿ ಅರವತ್ತು ಪೆಟ್ಟಿಗೆಗೆ ಹಾಕಿದಳು. ನಿಜ ಹೇಳಬೇಕೆಂದರೆ ಕೆಲಸ ಅಷ್ಟು ಸಲೀಸಾಗಿ ಯಾವತ್ತೂ ಸಾಗಿರಲಿಲ್ಲ. ಮರಗಟ್ಟಿದ ಕೆನ್ನೆ ಯಾವುದಕ್ಕೂ ತಕರಾರು ತೆಗೆಯಲಿಲ್ಲ. ಸಂಜೆ ಮದ್ದು ಇಳಿದು ನೋವು ಶುರುವಾದಾಗ ತಪ್ಪು ಹೊಳೆಯಿತು. ಅಷ್ಟರಲ್ಲಿ ಪೆಟ್ಟಿಗೆಗಳಿಗೆ ಮುಚ್ಚಳ ಬಿದ್ದಾಗಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡಳು. ನಾಳೆ ನಾಳಿದ್ದಾಯಿತು.

ಧೈರ್ಯ ಮಾಡಿ ಬಾಯಿ ತೆರೆಯಬೇಕೆಂದ ದಿನವೇ ಯಜಮಾನ ಸುದ್ದಿ ತಂದ. ಸರಕು ಕೊಳ್ಳುವ ಇಟಲಿಯ ಕಂಪನಿಯಿಂದ ತಪಾಸಣೆಗೆ ಒಬ್ಬ ಹೆಂಗಸು ಬರುತ್ತಾಳಂತೆ.

"ಜೋಡಿ ಕೂಡಿಸಿದವಳೇ ಅವರ ಭಾಷೇಲಿ ಹೇಳಿಬಿಟ್ರೆ ಅದರ ಗತ್ತೇ ಬೇರೆ! ನೀನು ಒಂದು ವಾಕ್ಯ ಕಲಿತುಕೋ, ಸಾಕು. ಮಿಕ್ಕಿದ್ದು ಮೇಷ್ಟ್ರು ನೋಡ್ಕೋತಾರೆ."

ಮೇಷ್ಟ್ರು ಎಂದರೆ ಇಟಲಿಯವರ ಹಡಗಿನಲ್ಲಿ ಹದಿನೈದು ವರ್ಷ ಅಡುಗೆ ಮಾಡಿ ಬಂದ ಮುದುಕ. ಊಟದ ಬಿಡುವಿನಲ್ಲಿ ಪಾಠ ನಡೆಯಿತು.

"ನೋಡಮ್ಮ, ಮೊರ್ಬಿದೊ ಅಂದ್ರೆ ಮೃದು. ಕ್ವಾಂತೊ ಅಂದ್ರೆ ಅದರಷ್ಟು. ಇಲ್ ಸಿನಿಸ್ತ್ರೊ ಎ ಮೊರ್ಬಿದೊ ಕ್ವಾಂತೊ ಇಲ್ ದೆಸ್ತ್ರೊ. ಎಡದ್ದು ಬಲದ್ದರಷ್ಟೇ ಮೃದು. ಮೊರ್ಬಿದೊ ಮುಂಚೆ ಕೊಸಿ, ಆಮೇಲೆ ಕೊಮೆ ಅಂದ್ರೂ ಅದೇ ಅರ್ಥ. ಉದ್ದ, ಗಿಡ್ಡ, ಕೆಂಪು, ಯಾವ ಗುಣ ಬೇಕಾದ್ರೂ ನಡುವೆ ಕೂರಿಸು, ಎರಡನ್ನೂ ಸಮ ಮಾಡಿಬಿಡುತ್ತೆ."

ಮೂರೇ ದಿನದಲ್ಲಿ ಬಾಯಿಪಾಠವಾಯಿತು. ತಾಪತ್ರಯ ಶುರುವಾಗಿದ್ದೇ ಆಗ. ಪಾತ್ರೆ ತೊಳೆಯುವಾಗ ಕ್ವಾಂತೊ, ಬಸ್ಸಿಗೆ ಕಾಯುವಾಗ ಕ್ವಾಂತೊ. ಹೇಳಿಕೊಂಡಾಗಲೆಲ್ಲ ಆ ಅರವತ್ತು ಪೆಟ್ಟಿಗೆಗಳು ಕಣ್ಣ ಮುಂದೆ ಬಂದು ಸಾಲಾಗಿ ನಿಲ್ಲುತ್ತಿದ್ದವು. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ತಿರುಗುತ್ತಿದ್ದವಳನ್ನು ನೋಡಿ ನೋಡಿ ಗಂಡನ ತಲೆ ಕೆಟ್ಟಿತು.

"ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ? ಒಂದು ಹಲ್ಲು ಹೋಗಿದ್ದಕ್ಕೆ ಇಷ್ಟು ರಂಪಾನಾ?"

"ಹಲ್ಲು ಹೋದ್ರೆ ಹೋಗ್ಲಿ ರೀ. ಇನ್ನು ಮೇಲೆ ನನ್ನ ಮಾತಿಗೆ ಬೆಲೆ ಇರಲ್ಲ" ಎಂದಳು. ಅವನಿಗೆ ತಲೆಬುಡ ತಿಳಿಯಲಿಲ್ಲ. ಊಟದ ತಟ್ಟೆ ಎತ್ತಿಕೊಂಡು ಎದ್ದುಹೋದ.

ಕೊನೆಯ ಪಾಠದ ದಿನ ಅವಳೇ ಕೇಳಿದಳು. "ಮೇಷ್ಟ್ರೇ, ಅಷ್ಟು ಮೃದು ಅಲ್ಲ ಅನ್ನೋದು ಹೇಗೆ?"

"ಯಜಮಾನ್ರು ಅದನ್ನ ಕಲಿಸೋಕೆ ಹೇಳಿಲ್ವಲ್ಲ!" ಮುದುಕ ನಕ್ಕ. ಅವಳು ನಗದ್ದನ್ನು ಕಂಡು ದನಿ ತಗ್ಗಿಸಿದ. "ಎ ಅನ್ನೋದಕ್ಕೆ ಮುಂಚೆ ನೋನ್ ಹಾಕು. ನೋನ್ ಎ ಮೊರ್ಬಿದೊ. ಆದ್ರೆ ಯೋಚನೆ ಮಾಡಿ ಹಾಕು ತಾಯಿ."

ತಪಾಸಣೆಯ ಹೆಂಗಸು ಬಂದಳು. ನರೆತ ಕೂದಲು, ಕೊರಳಿಗೆ ನೇತುಬಿದ್ದ ಕನ್ನಡಕ. ಮೊದಲ ಪೆಟ್ಟಿಗೆಗಳನ್ನು ತೆರೆದಾಗ ಜೋಡಿಯಕ್ಕ ಒಂದೂ ತಪ್ಪಿಲ್ಲದೆ ವಾಕ್ಯ ಒಪ್ಪಿಸಿದಳು. ಹೆಂಗಸು ಹುಬ್ಬೇರಿಸಿ ಮೆಚ್ಚಿದಳು, ಯಜಮಾನ ಉಬ್ಬಿಹೋದ. ಆಮೇಲೆ ಹಲ್ಲು ಕಿತ್ತ ದಿನದ ಚೀಟಿ ಅಂಟಿಸಿದ್ದ ಪೆಟ್ಟಿಗೆ ಮೇಜಿಗೆ ಬಂತು. ಹೇಳು, ಹೇಳು ಎಂದು ಯಜಮಾನ ಕಣ್ಣಲ್ಲೇ ಅವಸರಿಸಿದ.

"ಇಲ್ ಸಿನಿಸ್ತ್ರೊ..." ಅವಳು ಮೇಷ್ಟ್ರ ಕಡೆ ಒಮ್ಮೆ ನೋಡಿದಳು. "ನೋನ್ ಎ ಮೊರ್ಬಿದೊ ಕ್ವಾಂತೊ ಇಲ್ ದೆಸ್ತ್ರೊ."

ಯಜಮಾನನಿಗೆ ಅರ್ಥವಾಗಲಿಲ್ಲ, ಆದರೆ ಮೇಷ್ಟ್ರ ಮುಖ ನೋಡಿಯೇ ಬೆವರಿದ. ಹೆಂಗಸು ಕನ್ನಡಕ ಏರಿಸಿ ಎರಡು ಗವಸನ್ನೂ ಎಳೆದಳು, ತಿಕ್ಕಿದಳು, ಕಿಟಕಿಯ ಬೆಳಕಿಗೆ ಹಿಡಿದಳು. ಅದೇ ದಿನದ ಇನ್ನೂ ಮೂರು ಪೆಟ್ಟಿಗೆ ಬಿಚ್ಚಿಸಿದಳು. ಕೊನೆಗೆ ನಕ್ಕು, ಅವಳ ಭುಜ ತಟ್ಟಿ ಏನೋ ಹೇಳಿ, ಕಾಗದಕ್ಕೆ ಸಹಿ ಹಾಕಿದಳು.

"ಎರಡೂ ಒಂದೇ ಅಂತಾರೆ," ಎಂದ ಮೇಷ್ಟ್ರು. ಯಜಮಾನನಿಗೆ ಹೋದ ಜೀವ ಬಂದಂತಾಯಿತು.

ಬದುಕಿದೆ ಎಂದು ಜೋಡಿಯಕ್ಕನಿಗೂ ಅನ್ನಿಸಬೇಕಿತ್ತು. ಬಂದದ್ದು ಸಿಟ್ಟು, ಹಿಂದೆಯೇ ಅಳು. ಇಷ್ಟು ದೂರದಿಂದ ಬಂದವರಿಗೂ ತಿಳಿಯದ ವ್ಯತ್ಯಾಸಕ್ಕಾಗಿ ಇಪ್ಪತ್ತೆರಡು ವರ್ಷ ಕೆನ್ನೆ ಸವೆಸಿದೆನೇ? ನನ್ನ ಕೆನ್ನೆಯೇ ಸುಳ್ಳೇ? ಆ ಜೋಡಿಯನ್ನೆತ್ತಿ, ಎಲ್ಲರ ಎದುರೇ ಕಣ್ಣು ಮುಚ್ಚಿ, ವಾಸಿಯಾದ ಬಲಗೆನ್ನೆಗೊಂದು, ಎಡಗೆನ್ನೆಗೊಂದು ಒತ್ತಿಕೊಂಡಳು. ಬಲದ್ದು ಬೆಣ್ಣೆ. ಎಡದ್ದು ಸ್ವಲ್ಪ, ಒಂದೇ ಒಂದು ಸ್ವಲ್ಪ, ಬಿರುಸು.

"ಯಜಮಾನ್ರೇ, ಈ ಅರವತ್ತೂ ಬಿಚ್ಚಬೇಕು."

"ಅವರೇ ಒಂದೇ ಅಂದ್ರಲ್ಲಮ್ಮ! ಹೊರಗೆ ಲಾರಿ ನಿಂತಿದೆ!"

"ಅವರು ಅಂದ್ರು. ನಾನು ಅಂದಿಲ್ಲ."

ಅವಳು ಪೆಟ್ಟಿಗೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಸುರಿದು ಸ್ಟೂಲ್ ಎಳೆದುಕೊಂಡಳು. ಲಾರಿಯವನು ಹಾರ್ನ್ ಹೊಡೆದ. ಯಜಮಾನ ಅಂಗಳಕ್ಕೂ ಮೇಜಿಗೂ ನಾಲ್ಕು ಸಲ ಓಡಾಡಿದ, ಬೈದ, ಬೇಡಿಕೊಂಡ. ಅವಳು ಒಂದು ಗವಸಿಗೆ ಒಂಬತ್ತು ಗವಸು ಹಿಡಿದು ನೋಡಿ, ಹತ್ತನೆಯದಕ್ಕೆ ನಿಂತಳು. ತುಟಿ ಅಲುಗಿತು: ಇಲ್ ಸಿನಿಸ್ತ್ರೊ ಎ ಮೊರ್ಬಿದೊ ಕ್ವಾಂತೊ ಇಲ್ ದೆಸ್ತ್ರೊ.

ಯಜಮಾನ ಮುಚ್ಚಳ ಹಿಡಿದುಕೊಂಡು ಎದುರಿಗೆ ಬಂದು ಕುಸಿದು ಕೂತ. "ಈಗಲಾದ್ರೂ ನೋಡಿದ್ಯಾ ಜೋಡಿಯಕ್ಕ? ಹಾಕಲಾ?"

"ಇದಕ್ಕೆ ಹಾಕಿ" ಎಂದು ಅವಳು ಮುಂದಿನದಕ್ಕೆ ಕೈ ಚಾಚಿದಳು.