ಎರಡೂ ಎಡಭಾಗ

ಮೂವತ್ತು ವರ್ಷ ಕತ್ತರಿ ಹಿಡಿದ ದರ್ಜಿ ಮಾಸ್ಟರಿಗೆ ಒಂದು ಜಂಭವಿತ್ತು: ನಿದ್ದೆಗಣ್ಣಲ್ಲೂ ತನ್ನ ಕೈ ತಪ್ಪುವುದಿಲ್ಲ ಎಂದು. ತಪ್ಪದಂತೆ ಕಾದವಳು ಯಾರೆಂದು ಮಾತ್ರ ಆ ಮಹಾರಾಯರು ಯೋಚಿಸಿದವರೇ ಅಲ್ಲ.

ಹೆಂಡತಿ ಎದುರಿನ ಸ್ಟೂಲಿನಲ್ಲಿ ಕೂತು ಗುಂಡಿಗಳಿಗೆ ಕಾಜ ಹೊಲಿಯುತ್ತಿದ್ದಳು. ಇವರು ಕತ್ತರಿ ಎತ್ತಿದರೆ ಸಾಕು, ತಲೆಯೆತ್ತದೆ "ತಿರುಗಿಸಿದ್ರಾ?" ಎನ್ನುತ್ತಿದ್ದಳು. ಬಟ್ಟೆ ಕಡಿಮೆಯಿದ್ದರೆ ಮಡಚಿ ಎಡ, ಬಲ ಎರಡೂ ಭಾಗ ಒಟ್ಟಿಗೆ ಕತ್ತರಿಸಲಾಗದು. ಒಂದನ್ನು ಕತ್ತರಿಸಿ, ಕಾಗದದ ಅಚ್ಚನ್ನು ಮಗುಚಿ ಇನ್ನೊಂದನ್ನು ಕತ್ತರಿಸಬೇಕು. ಮಗುಚಲು ಮರೆತರೆ ಎರಡೂ ಎಡಭಾಗವೇ. "ನಂಗೆ ಗೊತ್ತಿಲ್ವೇನೇ?" ಎಂದು ಇವರು ರೇಗುವುದು, ಅವಳು ನಗುವುದು.

ಅವಳು ತೀರಿಕೊಂಡ ಮೇಲೆ ಅಂಗಡಿಯ ಮೌನ ಇವರನ್ನು ತಿನ್ನತೊಡಗಿತು. ಮೊದಲು ರೇಡಿಯೊ ಬಂತು. ಸಾಲದೆ ಗೋಡೆಗೊಂದು ಟಿವಿ. ಆಮೇಲೆ ದಾರದ ಡಬ್ಬಿಗೆ ಒರಗಿಸಿಟ್ಟ ಮೊಬೈಲು. ಮೂರೂ ಒಟ್ಟಿಗೆ ಬಡಬಡಿಸುತ್ತಿದ್ದವು. "ಕಿವಿ ಅಲ್ಲಿದ್ರೂ ಕೈ ಇಲ್ಲೇ ಇರುತ್ತೆ" ಎಂದು ಗಿರಾಕಿಗಳಿಗೆ ಸಮಜಾಯಿಷಿ. ಬುದ್ಧಿ ಎಲ್ಲಿರುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಆ ಗಲಾಟೆಯಲ್ಲಿ ಇವರಿಗೆ ಕೇಳಿಸುತ್ತಿರಲಿಲ್ಲ.

ಎರಡು ವರ್ಷ ಕಳೆದು ಮಗಳಿಗೆ ಕೆಲಸ ಸಿಕ್ಕಿತು. ಅವಳಿಗೆ ಕೋಟು ಹೊಲಿಸಬೇಕೆಂದು ತಾಯಿ ಕಾಯಿಲೆಯಲ್ಲೇ ಎದ್ದು ಹೋಗಿ ತಂದಿಟ್ಟಿದ್ದ ಬೂದು ಬಣ್ಣದ ಬಟ್ಟೆ ಪೆಟ್ಟಿಗೆಯಿಂದ ಹೊರಬಂತು. ಥಾನಿನ ಕೊನೆಯ ತುಂಡು. ಒಂದೇ ಒಂದು ಕೋಟು ಆಗುವಷ್ಟು.

"ಸೋಮವಾರ ಅಮ್ಮನ ಬಟ್ಟೆ ಹಾಕ್ಕೊಂಡೇ ಕೆಲಸಕ್ಕೆ ಹೋಗ್ತೀನಪ್ಪಾ," ಎಂದಳು ಮಗಳು.

ಶನಿವಾರ ಮಧ್ಯಾಹ್ನ ಮಾಸ್ಟರು ಎಡ ಮುಂಭಾಗ ಕತ್ತರಿಸಿದರು. ಟಿವಿಯಲ್ಲಿ ಯಾರೋ ಕೂಗಾಡಿದರು, ತಲೆಯೆತ್ತಿ ನೋಡಿದರು. ಮೊಬೈಲು ಟಿಣ್ ಎಂದಿತು, ಬೆರಳಾಡಿಸಿದರು. ಅಷ್ಟರಲ್ಲಿ ಕೈ ತನ್ನ ಪಾಡಿಗೆ ಅಚ್ಚನ್ನು ಪಕ್ಕಕ್ಕೆ ಸರಿಸಿತು, ಸೀಮೆಸುಣ್ಣದ ಗೆರೆ ಎಳೆಯಿತು, ಕತ್ತರಿ ಓಡಿಸಿತು. ಎರಡು ತುಂಡುಗಳನ್ನು ಜೋಡಿಸಿಟ್ಟು ನೋಡಿದರು. ಎರಡೂ ಎಡವೇ. ಒಂದನ್ನು ತಿರುವಿ ಹಾಕೋಣವೆಂದರೆ ಬಟ್ಟೆಯ ಒಳಮೈ ಬೇರೆ ಬಣ್ಣ.

ಟಿವಿ, ರೇಡಿಯೊ, ಮೊಬೈಲು ಮೂರನ್ನೂ ಒಂದೊಂದಾಗಿ ಆರಿಸಿದರು. ಎದುರಿನ ಸ್ಟೂಲು ಖಾಲಿಯಿತ್ತು. ಎರಡು ವರ್ಷದಿಂದ ಖಾಲಿಯೇ ಇತ್ತು. ಇವರು ಕಣ್ಣಿಟ್ಟು ನೋಡಿದ್ದು ಇವತ್ತು. ಈಗ ಯಾರ ಮೇಲೆ ರೇಗುವುದು? ಅವಳಿಲ್ಲವಲ್ಲ ಎಂದು ದುಃಖ ಉಕ್ಕಿ ಬಂತು. ಮಗಳಿಗೆ ಏನು ಹೇಳಲಿ ಎಂದು ಕೂತಲ್ಲೇ ಕೂತರು.

ಸಂಜೆ ಮಗಳು ಬಂದಳು. ಇವರು ತುಂಡುಗಳನ್ನು ಮುಂದಿಟ್ಟರು. ದರ್ಜಿಯ ಮಗಳು, ಬಿಡಿಸಿ ಹೇಳಬೇಕಾಗಲಿಲ್ಲ. ಬಟ್ಟೆಯನ್ನು ಬಹಳ ಹೊತ್ತು ಸವರುತ್ತ ನಿಂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಆಗ ಏನು ನೋಡ್ತಿದ್ರಿ ಅಪ್ಪಾ?"

ಮಾಸ್ಟರು ಬಾಯಿ ತೆರೆದರು. ಟಿವಿಯಲ್ಲಿ ಕೂಗಾಡಿದ್ದು ಯಾರು, ಯಾತಕ್ಕೆ? ಮೊಬೈಲಿಗೆ ಬಂದದ್ದೇನು? ರೇಡಿಯೊದಲ್ಲಿ? ಎಷ್ಟು ತಡಕಾಡಿದರೂ ಒಂದೂ ಸಿಗಲಿಲ್ಲ.

"ನೆನಪಿಲ್ಲ ಕಣಮ್ಮಾ," ಎಂದರು. "ಒಂದೂ ನೆನಪಿಲ್ಲ."