ಆಕೆಯ ಮನೆಗೆ ಬಂದವಳು

ಮರಳಿ ಎಂಬ ಊರಿನ ಆ ಮನೆಗೆ ನಾನು ಎರಡನೆಯ ಹೆಂಡತಿಯಾಗಿ ಬಂದೆ. ಮೊದಲನೆಯವಳು ಸತ್ತಳು ಎನ್ನುವಂತಿರಲಿಲ್ಲ, ಬಿಟ್ಟುಹೋದಳು ಎನ್ನುವಂತೆಯೂ ಇರಲಿಲ್ಲ. ಕಾಣೆಯಾಗಿದ್ದಳು.

ಆಗ ನಮ್ಮ ಕಡೆ ನಿಜಾಮರ ರಾಜ್ಯ. ಆನೆಗೊಂದಿಯ ನಂಟರ ಮನೆಯಲ್ಲಿ ತೊಟ್ಟಿಲ ಕಾರ್ಯವಿತ್ತು. ಜ್ವರ ಬಂದಿದ್ದ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಆಕೆ ಓಣಿಯ ಹೆಂಗಸರ ಜೊತೆ ನಡೆದು ಹೊರಟಳು. ಹೊಳೆ ಸಮೀಪದ ಬಾಳೆತೋಟದ ಹತ್ತಿರ "ನೀವು ಮುಂದ ನಡೀರಿ, ಬರ್ತೀನಿ" ಎಂದು ಹಿಂದೆ ಉಳಿದಳಂತೆ. ಹೆಂಗಸರು ಬಂಡೆಯ ನೆರಳಲ್ಲಿ ಕಾದರು, ಕೂಗಿದರು, ತಿರುಗಿ ಹೋಗಿ ನೋಡಿದರು. ಆಕೆ ಇರಲಿಲ್ಲ. ಅಂಬಿಗರು ವಿರೂಪಾಪುರಗಡ್ಡೆಯವರೆಗೆ ಹರಿಗೋಲು ಹಾಕಿ ಹೊಳೆ ಜಾಲಾಡಿದರು. ಠಾಣೆಯ ಅಮೀನ ಸಾಹೇಬರು ಬಂದು ಎಲ್ಲರನ್ನೂ ಕೇಳಿ ಹೋದರು. ಹೊಳೆ ಒಯ್ದಿತೋ, ಚಿರತೆ ಹಿಡಿಯಿತೋ, ತಾನಾಗಿಯೇ ಹೋದಳೋ, ಯಾರಿಗೂ ತಿಳಿಯಲಿಲ್ಲ.

ಒಂದೆರಡು ಸುಗ್ಗಿ ಕಳೆದ ಮೇಲೆ ಯಲಬುರ್ಗಾ ಕಡೆಯ ನನ್ನ ತವರಿಗೆ ಹೆಣ್ಣು ಕೇಳಲು ಬಂದರು. "ತಾಯಿಲ್ಲದ ಕೂಸು ಐತಿ, ಪುಣ್ಯ ಬರ್ತೈತಿ ನಿನಗ" ಎಂದು ಅಪ್ಪ ನನ್ನನ್ನು ಒಪ್ಪಿಸಿದ. ಆಕೆಯ ಒಲೆಯ ಮುಂದೆ ಕೂತು ರೊಟ್ಟಿ ಬಡಿದೆ. ಆಕೆ ಹೆಣೆದ ನೆಲುವಿನಿಂದ ಮೊಸರಿನ ಗಡಿಗೆ ಇಳಿಸಿದೆ. ಕೂಸು ಬಲು ಬೇಗ ನನ್ನನ್ನು ಅವ್ವ ಎಂದಿತು. ಹಿಗ್ಗಾಯಿತು, ಹಿಗ್ಗಿದ್ದಕ್ಕೆ ಯಾರದೋ ಬುತ್ತಿ ಬಿಚ್ಚಿ ಉಂಡಂತೆ ಅಳುಕೂ ಆಯಿತು.

ಆಕೆಯ ತಾಯಿ ಕುಷ್ಟಗಿ ಕಡೆಯ ಮುದುಕಿ. ಗಂಡ ಇಲ್ಲ, ಮಗಳೂ ಒಬ್ಬಳೇ. ಪ್ರತಿ ವರ್ಷ ಸಜ್ಜಿ ರೊಟ್ಟಿಯ ಗಂಟು ಕಟ್ಟಿಕೊಂಡು, ಸಿಕ್ಕ ಬಂಡಿ ಹತ್ತಿ, ಏನಾದರೂ ಸುದ್ದಿ ಇದೆಯೇ ಎಂದು ಕೇಳಲು ಬರುತ್ತಿದ್ದಳು. ಮೊದಲ ಸಲ ಬಂದಾಗ ನಾನು ಆಕೆಯ ಮಗಳ ಇಳಕಲ್ ಸೀರೆ ಉಟ್ಟು ಬಾವಿಯಲ್ಲಿ ನೀರು ಸೇದುತ್ತಿದ್ದೆ.

"ಬಂದಿ ಏನ ಯವ್ವಾ!" ಎಂದು ಹಿಂದಿನಿಂದ ಕೂಗು ಕೇಳಿತು.

ತಿರುಗಿದೆ. ಮುದುಕಿ ಓಡಿ ಬರುತ್ತಿದ್ದವಳು ಅಲ್ಲೇ ನಿಂತಳು. ಆ ಮುಖವನ್ನು ನಾನು ಇನ್ನೂ ಮರೆತಿಲ್ಲ.

"ಸೀರಿ ಬಿಚ್ಚಿ ಇಡ್ತೀನಿ, ಯವ್ವಾ" ಎಂದೆ.

"ಬ್ಯಾಡ ಬೇ. ಟ್ರಂಕಿನ್ಯಾಗ ಇಟ್ರ ನುಸಿ ತಿಂತಾವ. ನೀನ ಉಡು."

ಮುಂದೆ ಕೆಲವು ವರ್ಷಕ್ಕೆ ಬಳೆಗಾರನೊಬ್ಬ ಸುದ್ದಿ ತಂದ. ಕೊಪ್ಪಳದ ಸಂತೆಯಲ್ಲಿ ಮಾತಾಡದ ಹೆಂಗಸೊಬ್ಬಳು ತಿರುಗುತ್ತಾಳೆ, ಗದ್ದದ ಮೇಲೆ ಹಚ್ಚೆ ಇದೆ ಎಂದ. ಆಕೆಗೂ ಅಂಥದೇ ಹಚ್ಚೆ ಇತ್ತು. ಅಷ್ಟರಲ್ಲಿ ಬಂದಿದ್ದ ಮುದುಕಿಯನ್ನು ಕೂರಿಸಿಕೊಂಡು ನನ್ನ ಗಂಡ ಬಂಡಿ ಹೂಡಿದರು. ನಾನು ಬಸುರಿ. ದೇವರ ಜಗುಲಿಗೆ ದೀಪ ಹಚ್ಚಿ ಕೈ ಮುಗಿದಾಗ ಬಾಯಿಗೆ ಬಂದ ಮಾತು ಒಂದೇ: "ಆಕಿ ಆಗಿರಬಾರ್ದು, ನನ್ನಪ್ಪಾ."

ಅವರು ಇಬ್ಬರೇ ಮರಳಿದರು. "ಆಕಿ ಅಲ್ಲ" ಎಂದರು ಇವರು, ಕಾಲಿಗೆ ನೀರು ಹಾಕಿಕೊಳ್ಳುತ್ತ. ನನಗೆ ಹೋದ ಜೀವ ಬಂದಂತಾಯಿತು. ಮುದುಕಿ ಗೋಡೆಗೆ ಒರಗಿ ಕೂತು ನನ್ನನ್ನು ಹತ್ತಿರ ಕರೆದು ಹೊಟ್ಟೆಯ ಮೇಲೆ ಕೈಯಾಡಿಸಿದಳು.

"ನೀನೂ ದೇವರಿಗೆ ಬೇಡ್ಕೊಂಡಿರ್ತಿ. ನಮ್ಮಿಬ್ಬರ ಮಾತೂ ಕೇಳ್ಲಿಲ್ಲ ನೋಡ ಅಂವ."

ನಾನು ಎದ್ದು ಕುಡಿಯಲು ನೀರು ತಂದುಕೊಟ್ಟೆ.

ಆ ಮುದುಕಿ ತೀರಿಕೊಂಡ ವರ್ಷ, ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಯ ದಿನ, ಇವರು ಮೆಲ್ಲಗೆ ಮಾತು ತೆಗೆದರು. "ಈ ಸಲ ಆಕಿ ಹೆಸರಿಗೂ ಒಂದು ಎಡಿ ಇಟ್ಟುಬಿಡೂಣು. ಇನ್ನೆಷ್ಟ ವರ್ಷ ಕಾಯೋದು?"

ಇಟ್ಟಿದ್ದರೆ ಆಕೆ ಸತ್ತವಳಾಗುತ್ತಿದ್ದಳು, ನಾನು ನಿಶ್ಚಿಂತಳಾಗುತ್ತಿದ್ದೆ.

"ಬ್ಯಾಡ್ರಿ" ಎಂದೆ. "ಸತ್ತಿದ್ದು ಯಾರು ನೋಡ್ಯಾರ?"

"ನಾಳೆ ಬಂದು ಬಾಗಿಲಾಗ ನಿಂತ್ರ?"

"ಒಳಗ ಕರಕೊಳ್ಳೂಣು. ಇಬ್ರೂ ಇರ್ತೀವಿ."

ನಿಜವಾಗಿ ಬಂದಿದ್ದರೆ ಹಾಗೆ ಕರೆಯುತ್ತಿದ್ದೆನೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಆಕೆ ಬರಲಿಲ್ಲ, ಏನಾದಳೆಂದು ಹೇಳುವವರೂ ಸಿಗಲಿಲ್ಲ. ಆಕೆಯ ಆ ಮಗಳು ಈಗ ಅಜ್ಜಿಯಾಗಿದ್ದಾಳೆ. "ನಮ್ಮವ್ವ ಸವತಿ ಸತ್ತಾಳಂತ ಎಡಿ ಇಡಗೊಡಲಿಲ್ಲ, ಅಂಥಾ ದೊಡ್ಡ ಮನಸು" ಎಂದು ಮೊಮ್ಮಕ್ಕಳಿಗೆ ಹೇಳುತ್ತಾಳೆ. ಅವತ್ತು ದೀಪ ಹಚ್ಚಿ ನಾನು ಬೇಡಿಕೊಂಡದ್ದು ಅವಳಿಗೆ ಗೊತ್ತಿಲ್ಲ.